ಪಹಣಿಯಲ್ಲಿ ಹೆಸರಿಲ್ಲದವರು

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಿನವಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಸೋಲಾರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಚಳ್ಳಕೆರೆ ಕಡೆಯ ಹೊಸ ಪ್ಲಾಂಟಿಗೆ ನನ್ನನ್ನೇ ಸೈಟ್ ಇನ್‌ಚಾರ್ಜ್ ಮಾಡಿದ್ದಾರೆ. ರೈತರಿಂದ ಗುತ್ತಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸವೂ ನನ್ನ ಮೇಲೇ ಬಿದ್ದಿದೆ. ಪತ್ರ ಇಂಗ್ಲಿಷಿನಲ್ಲಿದೆ. ‘ನಿಮ್ಮ ಕಡೆ ಹುಡುಗೀನೇ ಇದ್ದಾಳಲ್ಲ, ಯಾಕೆ ಹೆದರ್ತೀರಿ’ ಎಂದು ಏಜೆಂಟರು ಊರವರಿಗೆ ಹೇಳುತ್ತಾರೆ. ನನ್ನ ಸೋದರಮಾವನಿಗೆ ಜಮೀನಿಲ್ಲ, ಪ್ಲಾಂಟ್ ಬರುವ ಬೀಳಿನಲ್ಲೇ ಕುರಿ ಮೇಯಿಸುತ್ತಾರೆ. ‘ಬೇಲಿ ಹಾಕಿದ್ ಮೇಲೆ ಎಲ್ಲಿಗೆ ಹೊಡ್ಕಂಡು ಹೋಗ್ಲವ್ವ’ ಎಂದು ಕೇಳಿದರು. ಮೇಲಿನವರಿಗೆ ಹೇಳಿದರೆ, ಅದು ನಿನ್ನ ಕೆಲಸವಲ್ಲ, ತಿಂಗಳ ಕೊನೆಗೆ ಸಹಿ ಮುಗಿಸು ಎಂದರು. ಮನೆ ನಡೆಯುವುದು ನನ್ನ ಸಂಬಳದಲ್ಲೇ. ಕೆಲಸ ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ತಂಗಿ, ಈಗಲೇ ಬಿಡಬೇಡಿ. ನೀವು ಎದ್ದು ಹೋದರೆ ನಾಳೆಯೇ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ. ಅವರಿಗೆ ನಿಮ್ಮ ಮಾವನ ಪ್ರಶ್ನೆ ಕಿವಿಗೇ ಬೀಳುವುದಿಲ್ಲ. ಹಾಗೆಂದು ಹೇಳಿದಷ್ಟು ಸಹಿ ಹಾಕಿಸಿಕೊಟ್ಟು ಸುಮ್ಮನಿರಿ ಎಂದೂ ನಾನು ಹೇಳಲಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಏಜೆಂಟರ ಮಾತು. ಊರವರು ಕಂಪನಿಯನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಿಲ್ಲ, ನಿಮ್ಮನ್ನು ನಂಬಿ ಒತ್ತುತ್ತಿದ್ದಾರೆ. ಅಂದರೆ ಕಂಪನಿಯವರು ನಿಮ್ಮನ್ನು ಕೇಳದೆಯೇ ನಿಮ್ಮನ್ನು ಜಾಮೀನಿಗೆ ನಿಲ್ಲಿಸಿದ್ದಾರೆ. ಜಾಮೀನು ನಿಂತವರಿಗೆ ಷರತ್ತು ಹಾಕುವ ಹಕ್ಕಿದೆ. ‘ಅದು ನಿನ್ನ ಕೆಲಸವಲ್ಲ’ ಎನ್ನುವ ಮಾತು ನಿಮ್ಮ ಮಟ್ಟಿಗೆ ಸುಳ್ಳು.

ನಿಮ್ಮ ಮೇಲಿನವರಿಗೆ ಚಳ್ಳಕೆರೆ ಕಾವಲುಗಳ ಕಥೆ ಗೊತ್ತಿರಲಿಕ್ಕಿಲ್ಲ, ನೀವೇ ಹೇಳಿ. ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳು ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಸುತ್ತಲ ಹಟ್ಟಿಗಳ ಕುರಿ, ದನ, ಕಂಬಳಿ ಕಸುಬು ಎಲ್ಲ ಅದರ ಮೇಲೇ ನಿಂತಿತ್ತು. 2010ರ ಆಸುಪಾಸಿನಲ್ಲಿ ಅಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್‌ಸಿ, ಇಸ್ರೊ ಪಾಲಾಯಿತು. ಖಾಸಗಿ ಸೌರ ಕಂಪನಿಯೊಂದಕ್ಕೂ 1,250 ಎಕರೆ ಹೋಯಿತು. ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಜನಕ್ಕೆ ವಿಷಯ ತಿಳಿದದ್ದು. ಹೋರಾಟ ನಡೆಯಿತು, ಕೋರ್ಟು ಕಚೇರಿ ಆಯಿತು, ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ 2014ರ ಆಗಸ್ಟ್ 27ರಂದು ತೀರ್ಪು ಕೊಟ್ಟಿತು. ಯೋಜನೆಗಳು ಮುಂದುವರಿದವು. ಇಂಥ ನೆಲದಲ್ಲಿ ಹೊಸದೊಂದು ಬೇಲಿ ಕಂಡರೆ ಜನ ಬೆಚ್ಚುವುದು ಸಹಜ. ಅದನ್ನು ಅಭಿವೃದ್ಧಿಗೆ ಅಡ್ಡಗಾಲು ಎಂದು ಕರೆಯುವುದು ಅನ್ಯಾಯ.

ನೆರೆಯ ಪಾವಗಡದ ಸೌರ ಪಾರ್ಕಿಗೆ ಬೇರೆ ದಾರಿ ಹಿಡಿದರು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ. ಜಮೀನು ರೈತರ ಹೆಸರಿನಲ್ಲೇ ಉಳಿಯಿತು. ಮಳೆ ನೆಚ್ಚಿ ಸೋತವರಿಗೆ ಅದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಹೆಂಗಸರಿಗೆ ಬಾಡಿಗೆಯಿಲ್ಲ, ಕೂಲಿಯೂ ಹೋಯಿತು. ಕುರಿಯವರಿಗೆ ಬೀಳು ಹೋಯಿತು. ನಿಮ್ಮ ಮಾವ ಕೇಳುತ್ತಿರುವುದು ಇದನ್ನೇ.

ಆದ್ದರಿಂದ ಸಹಿಗೆ ಮೊದಲು ಸಭೆ ಆಗಬೇಕು, ಅದೂ ಬೆಳಿಗ್ಗೆ ಹನ್ನೊಂದಕ್ಕಲ್ಲ. ಆ ಹೊತ್ತಿಗೆ ಬರುವವರು ಬಿಳಿ ಅಂಗಿಯವರು ಮಾತ್ರ. ಕೂಲಿಯವರು ಮನೆ ಸೇರಿ, ಕುರಿ ರೊಪ್ಪಕ್ಕೆ ಬಂದ ಮೇಲೆ ಸಂಜೆ ಕರೆಯಿರಿ. ಹಿಂದಿನ ದಿನ ಹಟ್ಟಿಗಳಲ್ಲೂ ಡಂಗುರ ಹೊಡೆಸಿ. ಪತ್ರವನ್ನು ಕನ್ನಡಕ್ಕೆ ಮಾಡಿಸಿ ಎಲ್ಲರೆದುರು ಗಟ್ಟಿಯಾಗಿ ಓದಿ. ಗುತ್ತಿಗೆ ಎಷ್ಟು ವರ್ಷ, ಬಾಡಿಗೆ ತಪ್ಪಿದರೆ ಏನು, ಕಂಪನಿ ಇನ್ನೊಬ್ಬರಿಗೆ ಮಾರಿಕೊಂಡರೆ ಪತ್ರ ಯಾರ ಮೇಲೆ ನಿಲ್ಲುತ್ತದೆ, ಕೊನೆಗೆ ಪ್ಯಾನೆಲ್ ಕಿತ್ತು ಕಾಂಕ್ರೀಟು ತೆಗೆದು ನೆಲ ಹಸನು ಮಾಡಿಕೊಡುವವರು ಯಾರು, ಇಷ್ಟಕ್ಕೆ ಉತ್ತರ ಪತ್ರದಲ್ಲೇ ಇರಬೇಕು.

ಸಹಿ ಯಾರದು ಎಂಬುದನ್ನೂ ನೋಡಿ. ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಸಮಪಾಲು ಇದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಅಣ್ಣಂದಿರ ಸಹಿ ಮಾತ್ರ ಪಡೆದರೆ ನಾಳೆ ವ್ಯಾಜ್ಯ ತಪ್ಪದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಆ ಕಾಯ್ದೆಯಲ್ಲಿ ಪರಭಾರೆ ಎಂದರೆ ಮಾರಾಟ ಒಂದೇ ಅಲ್ಲ, ಗುತ್ತಿಗೆಯೂ ಸೇರುತ್ತದೆ. ಸರ್ಕಾರದ ಅನುಮತಿ ಬೇಕು. ನಾಯಕ ಸಮುದಾಯದವರು ಇಷ್ಟೊಂದು ಇರುವ ನಿಮ್ಮ ಎರಡು ತಾಲ್ಲೂಕುಗಳಲ್ಲಿ ಇದನ್ನು ಮರೆತು ಸಹಿ ಹಾಕಿಸುವುದು ಬಡವರನ್ನು ಕೋರ್ಟಿನ ಬಾಗಿಲಿಗೆ ದೂಡಿದಂತೆ.

ಇನ್ನು ಕುರಿ. ಪ್ಯಾನೆಲ್‌ಗಳ ಕೆಳಗೆ ಕುರಿ ಮೇಯಿಸುವುದು ಆಸ್ಟ್ರೇಲಿಯಾ, ಅಮೆರಿಕದಲ್ಲಿ ರೂಢಿಗೆ ಬಂದಿದೆ. ಮಳೆಗಾಲದಲ್ಲಿ ಹುಲ್ಲು ಎದ್ದು ಪ್ಯಾನೆಲ್ಲಿಗೆ ನೆರಳು ಬೀಳುತ್ತದೆ, ಬೇಸಿಗೆಯಲ್ಲಿ ಅದೇ ಹುಲ್ಲು ಒಣಗಿ ಬೆಂಕಿಯ ಭಯ. ಕಂಪನಿ ದುಡ್ಡು ಕೊಟ್ಟು ಕೊಯ್ಯಿಸುವ ಹುಲ್ಲನ್ನು ಕುರಿ ತಿಂದು ಮುಗಿಸುತ್ತದೆ. ಪ್ಯಾನೆಲಿನ ಕೆಳ ಅಂಚು ಕುರಿ ನುಸುಳುವಷ್ಟು ಎತ್ತರದಲ್ಲಿರಬೇಕು, ಕೇಬಲ್ಲು ನೇತಾಡದೆ ಪೈಪಿನೊಳಗೆ ಹೋಗಬೇಕು. ಮೇಕೆಯನ್ನು ಮಾತ್ರ ಬಿಡುವಂತಿಲ್ಲ, ಅದು ಪ್ಯಾನೆಲ್ ಮೇಲೇ ಹತ್ತುತ್ತದೆ, ವೈರು ಕಚ್ಚುತ್ತದೆ. ಇದೆಲ್ಲ ಕಂಬ ನೆಡುವ ಮೊದಲೇ ನಕ್ಷೆಯಲ್ಲಿ ಸೇರಬೇಕಾದ ಮಾತು. ನೀವು ಎಲೆಕ್ಟ್ರಿಕಲ್ ಓದಿದವರು, ಕುರಿಯವರ ಮನೆಯ ನಂಟೂ ಇದೆ. ಈ ನಕ್ಷೆ ಮಾಡಿಸಲು ನಿಮಗಿಂತ ತಕ್ಕವರು ನಿಮ್ಮ ಕಂಪನಿಯಲ್ಲಿ ಇರಲಿಕ್ಕಿಲ್ಲ. ಮಾವನ ಜೊತೆ ಇನ್ನೂ ನಾಲ್ಕು ಕುರಿಯವರನ್ನು ಕರೆದುಕೊಂಡು ಬೀಳು ಸುತ್ತಿ ಬನ್ನಿ. ಕುರಿ ನೀರಿಗೆ ಹೋಗುವ ದಾರಿ ಯಾವುದು, ಯಾವ ಕಡೆ ಬೇಲಿ ಬಂದರೆ ಆ ದಾರಿ ಮುಚ್ಚುತ್ತದೆ ಎಂದು ಅವರೇ ತೋರಿಸುತ್ತಾರೆ.

ಇಷ್ಟನ್ನೂ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಮಾಡಿ. ಮೇಲಿನವರಿಗೆ ಅರ್ಥವಾಗುವ ಮಾತಿನಲ್ಲೇ ಬರೆಯಿರಿ: ತಕರಾರಿನ ಜಮೀನಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ತಡೆಯಾಜ್ಞೆ ಬಂದರೆ ಕೆಲಸ ನಿಲ್ಲುತ್ತದೆ. ಹೊರಗಿನ ಹಣ ಇದ್ದರೆ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯ 2012ರ ಮಾನದಂಡಗಳನ್ನು ನೆನಪಿಸಿ. ಮೇವಿನ ನೆಲ ತಪ್ಪುವವರನ್ನೂ ಅವು ಲೆಕ್ಕಕ್ಕೆ ಹಿಡಿಯುತ್ತವೆ.

ಯಾವಾಗ ಬಿಡಬೇಕು ಎಂಬುದನ್ನೂ ಈಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸು ಎಂದರೆ, ಖಾಲಿ ಹಾಳೆಗೆ ಸಹಿ ತಾ ಎಂದರೆ, ಅವತ್ತೇ ಬಿಡಿ. ಆ ದಿನ ಬಂದರೆ ಮನೆಯವರು ಕಂಗಾಲಾಗಬಾರದು. ಈ ತಿಂಗಳಿಂದಲೇ ಸಂಬಳದಲ್ಲಿ ಒಂದಿಷ್ಟು ಬೇರೆ ಇಡಿ, ಬೇರೆ ಕಡೆ ಅರ್ಜಿಯನ್ನೂ ಹಾಕಿರಿ.

ಸಹಿಗೆ ಮೊದಲು ಕರಡು ಪತ್ರದ ಒಂದೊಂದು ಪ್ರತಿ ರೈತರ ಕೈಗೆ ಕೊಡಿ. ಅವರು ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತೋರಿಸಲಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ಸಲಹೆ ಉಚಿತ.