ಮೇವು ಕತ್ತರಿಸುವ ಯಂತ್ರ ತಿರುಗದೆ ನಿಂತಾಗ



ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಕರೆಂಟಿನ ಚಾಫ್ ಕಟರ್ ಈಗ ಅಪರೂಪದ ವಸ್ತುವಲ್ಲ. ಗೋವಿನಜೋಳದ ದಂಟು, ಭತ್ತದ ಹುಲ್ಲು, ಕಬ್ಬಿನ ಸೋಗೆ, ನೇಪಿಯರ್ ಎಲ್ಲವನ್ನೂ ಅದರ ಬಾಯಿಗೇ ಕೊಡುತ್ತೇವೆ. ಹಾಗಾಗಿ ಅದು ನಿಂತ ದಿನ ಕೊಟ್ಟಿಗೆಯ ಕೆಲಸವೇ ನಿಲ್ಲುತ್ತದೆ. "ಡಾಕ್ಟರ್ ಸಾಹೇಬ್ರ, ಆಕಳಾ ಚಲೋ ಅದಾವ್ರಿ, ಮಷೀನಿಗೆ ಜಡ್ಡು ಬಂದೈತಿ ನೋಡ್ರಿ" ಎಂದು ಕರೆಯುವವರೂ ಇದ್ದಾರೆ. ನಾನು ದನದ ಡಾಕ್ಟರು, ಮೋಟರು ಸುತ್ತುವವನಲ್ಲ. ಆದರೂ ಈ ಯಂತ್ರದ ಬಗ್ಗೆ ಬರೆಯಲು ಕಾರಣವಿದೆ. ನಿಂತ ಯಂತ್ರ ಯಾರಿಗೂ ಭಯ ಹುಟ್ಟಿಸುವುದಿಲ್ಲ. ಓಡುವಾಗ ದೂರ ನಿಲ್ಲುವ ಮನುಷ್ಯ, ಅದು ನಿಂತ ಕೂಡಲೇ "ಏನಾತಪಾ ಇದಕ್ಕ" ಎಂದು ಬಾಯೊಳಗೆ ಕೈ ಹಾಕುತ್ತಾನೆ.

ಆದ್ದರಿಂದ ಮೊದಲ ಕೆಲಸ ಒಂದೇ. ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತು, ಅದರ ತುದಿಯನ್ನು ನಿಮ್ಮ ಕಣ್ಣೆದುರೇ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಸ್ವಿಚ್ ಇರುವುದು ಗೋಡೆಯ ಮೇಲೆ, ನೀವು ಕುಳಿತಿರುವುದು ಚಕ್ರದ ಬುಡದಲ್ಲಿ. ಮನೆಯ ಹುಡುಗನೊಬ್ಬ ಬಂದು ಒತ್ತಿದರೆ ಮುಗಿಯಿತು. ಇದಕ್ಕಿಂತ ಹೆಚ್ಚಾಗಿ ಆಗುವುದು ಇನ್ನೊಂದು. ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರ ನಿಲ್ಲುತ್ತದೆ, ಸ್ವಿಚ್ ಮಾತ್ರ ಹಾಕಿದಂತೆಯೇ ಇರುತ್ತದೆ. ಸಿಕ್ಕಿಕೊಂಡ ಹುಲ್ಲು ಬಿಡಿಸುತ್ತಿರುವಾಗ ಕರೆಂಟು ಬಂದರೆ ಚಕ್ರ ಹೇಳದೆ ಕೇಳದೆ ತಿರುಗುತ್ತದೆ. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಹಾಕಿಸಿದ್ದರೆ ಕರೆಂಟು ಬಂದರೂ ಮತ್ತೆ ಗುಂಡಿ ಒತ್ತುವ ತನಕ ಮೋಟರು ಸುಮ್ಮನಿರುತ್ತದೆ. ಸಾದಾ ಸ್ವಿಚ್ಚಿನ ಮೇಲೆ ಯಂತ್ರ ನಡೆಸುತ್ತಿರುವವರು ಈ ಸ್ಟಾರ್ಟರ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಇನ್ನು ರೋಗಪತ್ತೆ. ದನ ಮಾತಾಡುವುದಿಲ್ಲ, ಅದರ ಸದ್ದು, ಉಸಿರು, ನಿಲುವು ನೋಡಿ ನಾವು ತಿಳಿಯುತ್ತೇವೆ. ಯಂತ್ರವೂ ಹಾಗೆಯೇ. ಅದು ನಿಂತಾಗ ಸದ್ದು ಮಾಡುತ್ತಿತ್ತೇ ಇಲ್ಲವೇ ಎಂಬುದೇ ಮೊದಲ ಪ್ರಶ್ನೆ.

ಸದ್ದೇ ಇಲ್ಲದಿದ್ದರೆ ಮೋಟರಿಗೆ ಕರೆಂಟು ತಲುಪಿಲ್ಲ. ಫ್ಯೂಸು, ಎಂಸಿಬಿ, ಪ್ಲಗ್ಗು, ಇಲಿ ಕಡಿದ ವೈರು ಇಷ್ಟನ್ನು ನೋಡಿಸಿ. 2 ಎಚ್.ಪಿ.ಯ ಸಿಂಗಲ್ ಫೇಸ್ ಮೋಟರು ಸುಮಾರು 10ರಿಂದ 12 ಆಂಪಿಯರ್ ಎಳೆಯುತ್ತದೆ. ಬಲ್ಬು-ಫ್ಯಾನಿಗೆಂದು ಹಾಕಿದ 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಸಾಕೆಟ್ಟು ಕರಗುವುದು ಸಹಜ. 16 ಆಂಪಿಯರಿನ ಸಾಕೆಟ್ಟು ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಶಾಕ್ ತಗಲುವುದು ಮನುಷ್ಯನಿಗೆ ಮಾತ್ರವಲ್ಲ. ಯಂತ್ರದ ಕಬ್ಬಿಣಕ್ಕೆ ಮೈ ತಾಗಿಸಿ ನಿಂತ ಆಕಳೂ ಬೀಳಬಹುದು.

ಹೆಚ್ಚಿನವರ ದೂರು ಎರಡನೆಯದು: ಮೋಟರು ಗುಂಯ್ ಎನ್ನುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಈ ಸದ್ದು ಕೇಳಿದರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ವಿಚ್ ಹಾಕಿಡಬೇಡಿ. ತಿರುಗಲಾರದ ಮೋಟರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ತನ್ನ ವೈಂಡಿಂಗನ್ನು ತಾನೇ ಸುಟ್ಟುಕೊಳ್ಳುತ್ತದೆ. ಕೈಯಿಂದ ಚಕ್ರ ನೂಕಿ ಎಬ್ಬಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಡಿ. ಆ ಚಕ್ರದ ಮೇಲೆಯೇ ಅಲಗುಗಳಿವೆ.

ದೋಷ ಮೋಟರಿನಲ್ಲಿದೆಯೋ ಯಂತ್ರದಲ್ಲಿದೆಯೋ ತಿಳಿಯಲು ಸುಲಭ ದಾರಿಯೊಂದಿದೆ. ಪ್ಲಗ್ ಕಿತ್ತು ಬೆಲ್ಟ್ ಬಿಚ್ಚಿರಿ. ಎಲ್ಲರೂ ದೂರ ನಿಂತ ಮೇಲೆ ಬರೀ ಮೋಟರನ್ನು ಒಂದು ಕ್ಷಣ ನಡೆಸಿ ನೋಡಿ. ಬೆಲ್ಟ್ ಇಲ್ಲದೆಯೂ ಗುಂಯ್ ಎಂದೇ ಕೂತರೆ ಅದರ ಕೆಪಾಸಿಟರ್ ಸತ್ತಿರಬಹುದು, ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಅಥವಾ ಬೇರಿಂಗ್ ಕೆಟ್ಟಿರಬಹುದು. ಕೆಪಾಸಿಟರ್ ಬದಲಿಸುವುದು ಸಣ್ಣ ಕೆಲಸ. ಅದಕ್ಕಾಗಿ ಇಡೀ ಮೋಟರು ಹೊಸದು ತರುವ ಅಗತ್ಯವಿಲ್ಲ. ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು, ಆದ್ದರಿಂದ ಮುಟ್ಟುವುದನ್ನು ಎಲೆಕ್ಟ್ರಿಶಿಯನ್ನಿಗೇ ಬಿಡಿ.

ಬೆಲ್ಟ್ ತೆಗೆದಾಗ ಮೋಟರು ಸರಾಗವಾಗಿ ಓಡಿದರೆ ಮತ್ತೆ ಪ್ಲಗ್ ಕಿತ್ತು, ಯಂತ್ರದ ಪುಲ್ಲಿಯನ್ನು ಹಿಡಿದು ಚಕ್ರವನ್ನು ನಿಧಾನವಾಗಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಅಡಚಣೆ ಅಲ್ಲೇ ಇದೆ. ಚಕ್ರವೂ ಸಲೀಸಾಗಿ ತಿರುಗುತ್ತದೆ, ಮೋಟರೂ ಓಡುತ್ತದೆ, ಜೋಡಿಸಿದಾಗ ಮಾತ್ರ ಏಳುವುದಿಲ್ಲ ಎಂದಾದರೆ ಬೆಲ್ಟ್ ಅತಿ ಬಿಗಿಯಾಗಿದೆ, ಕೆಪಾಸಿಟರ್ ಸೋತಿದೆ, ಅಥವಾ ವೋಲ್ಟೇಜು ಸಾಲದು.

ವೋಲ್ಟೇಜಿನ ಲೆಕ್ಕ ಸ್ವಲ್ಪ ವಿಚಿತ್ರ. 230ರ ಬದಲು 180 ವೋಲ್ಟು ಬಂದರೆ ಮೋಟರಿನ ಬಲವೂ ಅಷ್ಟೇ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ, ಅಂದರೆ ನೂರಕ್ಕೆ 61ರಷ್ಟು ಮಾತ್ರ ಉಳಿಯುತ್ತದೆ. ಭಾರದ ಚಕ್ರವನ್ನು ನಿಂತಲ್ಲಿಂದ ಎಬ್ಬಿಸಲು ಅದು ಸಾಕಾಗುವುದಿಲ್ಲ. ಎಷ್ಟೋ ಸಲ ಕಂಬದಲ್ಲಿ ವೋಲ್ಟೇಜು ಸರಿಯಾಗಿಯೇ ಇದ್ದು, ಮನೆಯಿಂದ ಕೊಟ್ಟಿಗೆಗೆ ಎಳೆದ ತೆಳು ವೈರು ಅದನ್ನು ನುಂಗುತ್ತದೆ. 100 ಅಡಿ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರು ಎಳೆದಿದ್ದೀರಿ ಎನ್ನೋಣ. ಮೋಟರು ಏಳುವ ಕ್ಷಣದಲ್ಲಿ 60 ಆಂಪಿಯರ್ ಎಳೆದರೆ ಆ ವೈರಿನಲ್ಲೇ 40 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. 4 ಚದರ ಮಿ.ಮೀ. ವೈರಾದರೆ ಕಳೆಯುವುದು 17 ವೋಲ್ಟಿನಷ್ಟು. ಹಿಂದೆ ಸಾದಾ ಬಲ್ಬು ಮಂಕಾಗಿ ಇದನ್ನು ತಿಳಿಸುತ್ತಿತ್ತು, ಈಗಿನ ಎಲ್‌ಇಡಿ ಬಲ್ಬು ವೋಲ್ಟೇಜು ಇಳಿದರೂ ಬೆಳಗುತ್ತಲೇ ಇರುತ್ತದೆ. ಅದಕ್ಕೆ ಎಲೆಕ್ಟ್ರಿಶಿಯನ್ನನಿಂದ ಮನೆಯ ಮೀಟರಿನ ಬಳಿ ಒಮ್ಮೆ, ಕೊಟ್ಟಿಗೆಯಲ್ಲಿ ಮೋಟರು ಏಳುವಾಗ ಒಮ್ಮೆ ವೋಲ್ಟೇಜು ಅಳೆಸಿರಿ. ಮೀಟರಿನ ಬಳಿಯೇ ಕಡಿಮೆಯಿದ್ದರೆ ಹೆಸ್ಕಾಂ ಶಾಖಾ ಕಚೇರಿಗೆ ಬರೆದುಕೊಡಿ, ಅಥವಾ 1912ಕ್ಕೆ ಫೋನ್ ಮಾಡಿ.

ಮೋಟರು ಓಡಿ ಚಕ್ರ ನಿಂತಿದ್ದರೆ ಬೆಲ್ಟ್ ಜಾರುತ್ತಿದೆ. ಚಕ್ರ ತಿರುಗಿ ಮೇವು ಮಾತ್ರ ಒಳಗೆ ಹೋಗದಿದ್ದರೆ ಗೇರಿನ ಹಿಡಿಕೆ ನ್ಯೂಟ್ರಲ್ಲಿಗೆ ಜಾರಿದೆಯೇ ನೋಡಿ. ರೋಲರಿಗೆ ಹಸಿ ಹುಲ್ಲಿನ ನಾರು ಸುತ್ತಿಕೊಂಡಿರುವುದೂ ಸಾಮಾನ್ಯ. ಅಲಗು ಸಾಣೆ ಹಿಡಿಸಿ ಹಾಕಿದ ಮರುದಿನವೇ ಯಂತ್ರ ನಿಂತರೆ ಅಲಗು ಎದುರಿನ ಪಟ್ಟಿಗೆ ತಾಗುತ್ತಿದೆ ಎಂದೇ ತಿಳಿಯಿರಿ. ಅವೆರಡರ ನಡುವೆ ಕಾಗದ ಸರಿಯುವಷ್ಟು ಸಂದು ಬೇಕು.

ಈಗ ಮುಖ್ಯ ವಿಷಯ, ಸಿಕ್ಕಿಕೊಂಡದ್ದನ್ನು ಬಿಡಿಸುವುದು. ರಿವರ್ಸ್ ಗೇರ್ ಇದ್ದರೆ ಮೊದಲು ಅದನ್ನೇ ಬಳಸಿ. ಅದರಿಂದ ಬಿಡದಿದ್ದರೆ ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಂತ ಮೇಲೆ, ಅದರ ಅರಗಳ ನಡುವೆ ಗಟ್ಟಿ ಮರದ ತುಂಡೊಂದನ್ನು ತೂರಿಸಿ ಅಲುಗದಂತೆ ಮಾಡಿ. ಇದನ್ನು ತಪ್ಪಿಸಬೇಡಿ. ಸಿಕ್ಕಿದ್ದು ಬಿಟ್ಟುಕೊಂಡ ಕ್ಷಣದಲ್ಲಿ ಆ ಭಾರದ ಚಕ್ರ ಕರೆಂಟಿಲ್ಲದೆಯೂ ತನ್ನ ತೂಕಕ್ಕೇ ಅರ್ಧ ಸುತ್ತು ಬರಬಹುದು, ಬೆರಳು ಹೋಗಲು ಅಷ್ಟು ಸಾಕು. ದೆಹಲಿ ಐಐಟಿಯ ಪ್ರೊ. ದಿನೇಶ್ ಮೋಹನ್ ಮತ್ತು ಸಂಗಡಿಗರು ಉತ್ತರ ಭಾರತದ ಹಳ್ಳಿಗಳಲ್ಲಿ ಇಂಥ ಅಪಘಾತಗಳನ್ನು ಅಭ್ಯಾಸ ಮಾಡಿ, ಅಲಗಿಗೆ ಕವಚ, ರೋಲರಿಗಿಂತ ಮುಂಚೆ ಕೈಗೆ ತಾಗಿ ಎಚ್ಚರಿಸುವ ಇನ್ನೊಂದು ರೋಲರ್, ಚಕ್ರಕ್ಕೆ ಬೀಗ ಇವನ್ನು ಸೂಚಿಸಿದರು. ಗಾಯಗೊಂಡವರಲ್ಲಿ ಆಟವಾಡುತ್ತಿದ್ದ ಮಕ್ಕಳೂ ಇದ್ದರು ಎಂಬುದನ್ನು ಗಮನಿಸಿ. ಚಕ್ರಕ್ಕೆ ಸರಪಳಿ ಹಾಕಿ ಬೀಗ ಜಡಿಯುವುದನ್ನು ಯಾರು ಬೇಕಾದರೂ ಇಂದೇ ಮಾಡಬಹುದು.

ಒಂದು ವೇಳೆ ಬೆರಳು ತುಂಡಾದರೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿಸಿ. ತುಂಡಾದ ಭಾಗವನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಕರೆ ಮಾಡಿ ತಡಮಾಡದೆ ಹೊರಡಿ.

ಯಂತ್ರದ ಬಾಯಲ್ಲಿ ಸಿಕ್ಕಿದ್ದು ಹುಲ್ಲಲ್ಲ, ತಂತಿ ಅಥವಾ ಮೊಳೆ ಎಂದಾದರೆ ಅಲ್ಲಿಂದ ಮುಂದೆ ಅದು ನನ್ನ ಕೆಲಸ. ಒಂದು ತುಂಡು ಚಕ್ರ ನಿಲ್ಲಿಸಿತು ಎಂದರೆ ಅದರ ಉಳಿದ ತುಂಡುಗಳು ಆಗಲೇ ಕತ್ತರಿಸಿ ಬಿದ್ದ ರಾಶಿಯಲ್ಲಿರಬಹುದು. ದನ ಮೇವನ್ನು ಆರಿಸಿ ಅಗಿಯುವುದಿಲ್ಲ, ಗಬಗಬನೆ ನುಂಗುತ್ತದೆ. ಭಾರದ ತುಂಡು ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಮುಂದೆ ತೆಳುವಾದ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತ ಹೋಗುತ್ತದೆ. ಆದ್ದರಿಂದ ಆ ರಾಶಿಯನ್ನು ಹಾಕಬೇಡಿ, ಒಂದು ಹೊತ್ತಿನ ಮೇವು ಹೋದರೆ ಹೋಗಲಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಯಂತ್ರದ ಸುತ್ತಲಿನ ನೆಲದ ಮೇಲೆ ಆಡಿಸಿದರೆ ಉಳಿದ ಚೂರು ಸಿಗುತ್ತವೆ.

ಈಗಾಗಲೇ ತಿಂದಿದ್ದರೆ ಕೆಲವು ದಿನ ಕಣ್ಣಿಟ್ಟಿರಿ. ಹಾಲು ಒಮ್ಮೆಗೇ ಇಳಿಯುವುದು, ಮೆಲುಕು ನಿಲ್ಲುವುದು, ಬೆನ್ನು ಕಮಾನಿನಂತೆ ಬಾಗಿಸಿ ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿದು ನರಳುವುದು ಇದರ ಲಕ್ಷಣಗಳು. ಅಜೀರ್ಣವೆಂದು ಎಣ್ಣೆ ಕುಡಿಸುತ್ತ ಕೂರದೆ, "ತಂತಿ ತಿಂದಿರಬಹುದು" ಎಂಬ ಮಾತನ್ನು ಹೇಳಿಯೇ ಡಾಕ್ಟರನ್ನು ಕರೆಯಿರಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬೇಗ ತಿಳಿದರೆ ಹೊಟ್ಟೆಗೆ ಅಯಸ್ಕಾಂತ ಹಾಕಿ, ಮುಂಗಾಲು ಎತ್ತರದಲ್ಲಿರುವಂತೆ ಕಟ್ಟಿ, ಔಷಧಿ ಕೊಟ್ಟು ಉಳಿಸಿಕೊಳ್ಳುವ ಸಾಧ್ಯತೆ ಇದೆ. ತಂತಿ ಹೃದಯ ಮುಟ್ಟಿ ಎದೆಯ ಮುಂದೆ, ಗದ್ದದ ಕೆಳಗೆ ಬಾವು ಬಂದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಯಂತ್ರ ರಿಪೇರಿಯಾಗುವ ತನಕ ಹಿಂಡಿ ಹೆಚ್ಚಿಸಿ ಸರಿದೂಗಿಸುವ ಯೋಚನೆ ಬೇಡ. ನಾರಿನ ಮೇವು ಕಡಿಮೆಯಾಗಿ ಹಿಂಡಿ ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಹುಳಿಯಾಗುತ್ತದೆ, ಸಂಘದಲ್ಲಿ ಫ್ಯಾಟೂ ಇಳಿಯುತ್ತದೆ. ಎರಡು ಮಿಶ್ರತಳಿ ಆಕಳಿಗೆ ದಿನಕ್ಕೆ 40-50 ಕಿಲೋ ಹಸಿಮೇವು ಕುಡಗೋಲಿನಿಂದ ತುಂಡರಿಸಲು ಮನೆಯ ಇಬ್ಬರು ಸಾಕು. ಅಂಗುಲ ಎರಡಂಗುಲಕ್ಕೇ ಆಗಬೇಕೆಂದಿಲ್ಲ, ಗೇಣುದ್ದವಾದರೂ ನಡೆಯುತ್ತದೆ. ಗೋದಲಿಯಲ್ಲಿ ಒಂದಿಷ್ಟು ದಂಟು ಉಳಿಯುತ್ತದೆ, ಅಷ್ಟೇ. ಅದನ್ನು ಮರುದಿನ ಯಂತ್ರಕ್ಕೆ ಕೊಡುವ ಮುನ್ನ ಒಮ್ಮೆ ಕೊಡವಿ ನೋಡಿ, ಮೊಳೆ ತಂತಿ ಅಡಗುವುದು ಇಂಥ ಗುಡಿಸಿ ಒಟ್ಟಿದ ಮೇವಿನಲ್ಲೇ.