‘ಕೆಮಿಕಲ್ ಇಲ್ಲ’ ಅಂತ ಹೇಳಿ ಕೊಟ್ಟಿದ್ದೆ, ಈಗ ತಲೆ ಎತ್ತಲು ಆಗುತ್ತಿಲ್ಲ

ಪ್ರಶ್ನೆ: ಮಳವಳ್ಳಿ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಬಿಡುವಿದ್ದಾಗ ಹಿತ್ತಲಿನ ಲೋಳೆಸರ, ಕೊಬ್ಬರಿ ಎಣ್ಣೆ, ಕಸ್ತೂರಿ ಅರಿಶಿನ ಹಾಕಿ ಮುಖಕ್ಕೆ ಹಚ್ಚುವ ಕ್ರೀಮು ಮಾಡಲು ಮೊಬೈಲ್ ನೋಡಿ ಕಲಿತೆ. ಮೊದಲು ಮನೆಯವರಿಗೆ, ಆಮೇಲೆ ಸ್ತ್ರೀಶಕ್ತಿ ಸಂಘದವರಿಗೆ, ಮದ್ದೂರು, ಮಂಡ್ಯದ ನೆಂಟರಿಗೆ ದುಡ್ಡಿಗೆ ಕೊಡತೊಡಗಿದೆ. ‘ಒಂಚೂರೂ ಕೆಮಿಕಲ್ ಇಲ್ಲ, ಮಗೂಗೂ ಹಚ್ಚಬಹುದು’ ಅಂತ ಹೇಳುತ್ತಿದ್ದೆ. ಹೋದ ತಿಂಗಳು ಪಕ್ಕದ ಬೀದಿಯ ಹೈಸ್ಕೂಲ್ ಹುಡುಗಿಗೆ ಕೆನ್ನೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದಿತು. ಗಾಬರಿಯಾಗಿ ಮನೆಯಲ್ಲಿದ್ದ ಡಬ್ಬಿ ತೆಗೆದು ನೋಡಿದರೆ ಮುಚ್ಚಳದ ಒಳಗೆ ಕಪ್ಪು ಚುಕ್ಕೆ, ಒಂಥರಾ ಹುಳಿ ವಾಸನೆ. ‘ಏನ್ ಹಾಕ್ಬುಟ್ಟು ಮಾರ್ತಾವ್ಳೋ’ ಅಂತ ಜನ ಆಡಿಕೊಳ್ಳುತ್ತಿದ್ದಾರೆ. ಫಾರ್ಮಸಿ ಓದುವ ನಮ್ಮಕ್ಕನ ಮಗ ‘ಪ್ರಿಸರ್ವೇಟಿವ್ ಹಾಕಬೇಕಿತ್ತು’ ಅನ್ನುತ್ತಾನೆ. ಅದನ್ನು ಹಾಕಿದರೆ ನಾನು ಕೊಟ್ಟ ಮಾತಿಗೇ ತಪ್ಪಿದಂತಲ್ಲವೇ? ಸಂಘದಲ್ಲಿ ಸಾಲ ತೆಗೆದು ಸಾಮಾನು ತಂದಿದ್ದೇನೆ. ರಾತ್ರಿ ನಿದ್ದೆ ಇಲ್ಲ. ನಾನು ಮೋಸ ಮಾಡಿದೆನೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಾದರೆ ಮಾರಿದವರು ಯಾರೋ, ಕೊಂಡವರು ಯಾರೋ. ನಿಮಗೆ ಹಾಗಲ್ಲ. ಆ ಹುಡುಗಿಯ ತಾಯಿ ನಲ್ಲಿ ಹತ್ತಿರ ಸಿಗುತ್ತಾರೆ, ಡೇರಿಯಲ್ಲಿ ಸಿಗುತ್ತಾರೆ, ಸಂಘದ ಸಭೆಯಲ್ಲಿ ಎದುರಿಗೇ ಕೂರುತ್ತಾರೆ. ನಮ್ಮ ಕೈಯಾರೆ ಮಾಡಿಕೊಟ್ಟ ವಸ್ತುವಿನಿಂದ ಇನ್ನೊಬ್ಬರ ಮಗಳ ಮುಖ ಕೆಂಪಾಯಿತೇನೋ ಎಂಬ ಅನುಮಾನ ಹೊತ್ತುಕೊಂಡು ಅದೇ ಬೀದಿಯಲ್ಲಿ ಓಡಾಡುವುದು ಸುಲಭವಲ್ಲ. ನಿದ್ದೆ ಬಾರದೆ ಇರುವುದು ಸಹಜ. ಆ ಹುಡುಗಿಯ ಬಗ್ಗೆ ನಿಮಗೆ ಕಾಳಜಿ ಇರುವುದಕ್ಕೇ ಇಷ್ಟು ನೋವು.

ನೀವು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಮೋಸ ಮಾಡುವವರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ನಿಮಗೆ ಗೊತ್ತಿರಲಿಲ್ಲ. ಅದೇ ಕ್ರೀಮನ್ನು ಮೊದಲು ಮನೆಯವರಿಗೇ ಕೊಟ್ಟಿರಿ. ಆದ್ದರಿಂದ ಮೋಸಗಾತಿ ಎಂಬ ಹಣೆಪಟ್ಟಿಯನ್ನು ನಿಮಗೆ ನೀವೇ ಅಂಟಿಸಿಕೊಳ್ಳಬೇಡಿ. ಆದರೆ ಡಬ್ಬಿಯೊಳಗಿನ ಕಪ್ಪು ಚುಕ್ಕೆಯನ್ನು ನೀವು ಈಗ ಕಂಡಿದ್ದೀರಿ. ಇದನ್ನು ಕಂಡ ಮೇಲೂ ಅದೇ ರೀತಿ ಮಾಡಿ ಕೊಟ್ಟರೆ, ಆಗ ಈ ಪ್ರಶ್ನೆಗೆ ನನ್ನ ಉತ್ತರ ಬೇರೆಯಾಗುತ್ತದೆ.

ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾರಣ ತಿಳಿಯದ ತಪ್ಪು ಮನಸ್ಸನ್ನು ಹೆಚ್ಚು ಹಿಂಡುತ್ತದೆ. ಕ್ರೀಮು, ಲೋಷನ್ ಎಂದರೆ ಎಣ್ಣೆ ಮತ್ತು ನೀರು ಒಂದಕ್ಕೊಂದು ಬಿಡದಂತೆ ಎಮಲ್ಸಿಫೈಯರ್ ಹಾಕಿ ಬೆರೆಸಿದ ಮಿಶ್ರಣ. ಬರೀ ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಏಕೆಂದರೆ ಅದರಲ್ಲಿ ನೀರಿಲ್ಲ. ಬ್ಯಾಕ್ಟೀರಿಯಾ, ಬೂಷ್ಟು, ಯೀಸ್ಟ್ ಎಲ್ಲಕ್ಕೂ ಬೆಳೆಯಲು ನೀರು ಬೇಕು. ಹಿತ್ತಲಿನಿಂದ ಕಿತ್ತು ತಂದ ಲೋಳೆಸರದ ತಿರುಳು ಬಹುಪಾಲು ನೀರೇ, ಜೊತೆಗೆ ಸಕ್ಕರೆಯ ಅಂಶವೂ ಇದೆ. ಅದು ಕ್ರೀಮಿಗೆ ಸೇರಿದ ಕೂಡಲೇ ಈ ಜೀವಿಗಳಿಗೆ ಊಟವೂ ನೀರೂ ಒಟ್ಟಿಗೆ ಸಿಕ್ಕಂತೆ. ಹಾಲು, ಜೇನು, ಸೌತೆಕಾಯಿ ರಸ, ಎಳನೀರು ಹಾಕುವವರಿಗೂ ಇದೇ ಮಾತು. ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರವಿದೆ ಎಂದು ಎಳನೀರಿನ ಲೋಷನ್ ಮಾಡಲು ಹೊರಟವರು ಈ ಪುಟ ಓದುತ್ತಿದ್ದರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಅದು ಕೆಡಲು ಬಹಳ ದಿನ ಬೇಕಿಲ್ಲ.

ಕಣ್ಣಿಗೆ ಕಾಣುವ ಕಪ್ಪು ಚುಕ್ಕೆ ಬೂಷ್ಟಿನದು. ಬ್ಯಾಕ್ಟೀರಿಯಾ ಎಷ್ಟೋ ಸಲ ಬಣ್ಣವನ್ನೂ ವಾಸನೆಯನ್ನೂ ಕೆಡಿಸದೆಯೇ ಬೆಳೆದಿರುತ್ತದೆ. ಆದ್ದರಿಂದ ‘ಚೆನ್ನಾಗಿಯೇ ಕಾಣುತ್ತಿದೆ’ ಎಂಬ ಕಾರಣಕ್ಕೆ ಉಳಿದ ಡಬ್ಬಿಗಳನ್ನು ನಂಬುವಂತಿಲ್ಲ. ಫ್ರಿಜ್‌ನಲ್ಲಿಟ್ಟರೆ ಅವು ನಿಧಾನವಾಗಿ ಬೆಳೆಯುತ್ತವೆ, ಸಾಯುವುದಿಲ್ಲ. ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೆ ಸಾಕು ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಅದು ಎಣ್ಣೆ ಕಮಟು ಹಿಡಿಯದಂತೆ ತಡೆಯುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಸೋಪು ಮಾಡಿ ಅನುಭವ ಇದ್ದವರೂ ಇಲ್ಲಿ ಎಡವುತ್ತಾರೆ. ಸೋಪಿನ ಗುಣ ಕ್ಷಾರ, ನೀರಿನಂಶವೂ ಕಡಿಮೆ. ಅದಕ್ಕೇ ಅದು ಇಟ್ಟರೂ ಕೆಡುವುದಿಲ್ಲ. ಕ್ರೀಮಿನ ಲೆಕ್ಕವೇ ಬೇರೆ.

ಈಗ ಕೊಟ್ಟ ಮಾತಿನ ವಿಚಾರ. ನಿಮ್ಮ ಮನಸ್ಸು ನಿಜವಾಗಿ ಸಿಕ್ಕಿಕೊಂಡಿರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ನೀವು ರೇಷ್ಮೆ ಸಾಕುವವರು. ಒಂದು ಬೆಳೆ ಮುಗಿದು ಇನ್ನೊಂದು ಚಾಕಿ ತರುವ ಮುಂಚೆ ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ತಟ್ಟೆ, ಚಂದ್ರಿಕೆಗಳನ್ನೆಲ್ಲ ಸೋಂಕು ಕಳೆದು ಇಡುತ್ತೀರಿ. ಹುಳು ಜ್ವರ ಎದ್ದಾಗಲೆಲ್ಲ ಪುಡಿ ಉದುರಿಸುತ್ತೀರಿ. ಇಷ್ಟೆಲ್ಲ ಮಾಡಿದ್ದರಿಂದ ಗೂಡು ಕಲಬೆರಕೆಯಾಯಿತು ಎಂದು ಮಾರುಕಟ್ಟೆಯಲ್ಲಿ ಯಾರಾದರೂ ಹೇಳಿದ್ದುಂಟೇ? ಮಾಡದಿದ್ದರೇ ಬೈಯುತ್ತಾರೆ. ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುವ ಪ್ರಿಸರ್ವೇಟಿವ್ ಮಾಡುವ ಕೆಲಸವೂ ಅಷ್ಟೇ. ಸರಿಯಾದದ್ದನ್ನು ಸರಿಯಾದ ಪ್ರಮಾಣದಲ್ಲಿ ಹಾಕುವುದು ಹಚ್ಚಿಕೊಳ್ಳುವವರನ್ನು ಕಾಪಾಡುವ ಕೆಲಸ. ಹಾಕದೆ ಇದ್ದುದರಿಂದ ನಿಮ್ಮ ಕ್ರೀಮು ಹೆಚ್ಚು ಶುದ್ಧವಾಗಲಿಲ್ಲ, ಕಾವಲಿಲ್ಲದ್ದಾಯಿತು. ಅರಿಶಿನದ ಬಣ್ಣವೂ ಒಂದು ಕೆಮಿಕಲ್ಲೇ, ನೀರೂ ಕೆಮಿಕಲ್ಲೇ. ನೀವು ಕೊಡಬೇಕಿದ್ದ ಮಾತು ‘ಇದು ಸುರಕ್ಷಿತ’ ಎಂಬುದು. ಅದರ ಬದಲು, ಎಲ್ಲರೂ ಹೇಳುವ ‘ಕೆಮಿಕಲ್ ಇಲ್ಲ’ ಎಂಬ ಮಾತು ಬಾಯಿಗೆ ಬಂತು. ಇದರಲ್ಲಿ ನಿಮ್ಮೊಬ್ಬರದೇ ತಪ್ಪಿಲ್ಲ. ದೊಡ್ಡ ದೊಡ್ಡ ಜಾಹೀರಾತುಗಳೇ ನಮಗೆಲ್ಲ ಅದನ್ನು ಕಲಿಸಿವೆ.

ಆ ಹುಡುಗಿಯ ಗುಳ್ಳೆಗೆ ನಿಮ್ಮ ಕ್ರೀಮೇ ಕಾರಣ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಟ್ಟ ಕ್ರೀಮಿನ ಸೋಂಕಿರಬಹುದು. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ಸೋನೆ ತಾಗಿ ಚರ್ಮ ಉರಿದಿರಬಹುದು. ಪರಿಮಳಕ್ಕೆ ಎಣ್ಣೆ ಹಾಕಿದ್ದರೆ ಅದಕ್ಕೆ ಅಲರ್ಜಿ ಆಗಿರಬಹುದು. ಆ ವಯಸ್ಸಿನ ಮೊಡವೆಯೂ ಆಗಿರಬಹುದು. ಇದನ್ನು ಹೇಳಬೇಕಾದವರು ಚರ್ಮದ ವೈದ್ಯರು. ನೀವೂ ಅಲ್ಲ, ಬೀದಿಯವರೂ ಅಲ್ಲ.

ಆದ್ದರಿಂದ ಮೊದಲ ಕೆಲಸ, ಆ ಮನೆಗೆ ಹೋಗಿ. ನಾಳೆ ನಾಡಿದ್ದು ಎನ್ನಬೇಡಿ. ಉದ್ದುದ್ದ ಸಮರ್ಥನೆಯೂ ಬೇಡ, ಅತ್ತು ಕರೆದು ಅವರೇ ನಿಮ್ಮನ್ನು ಸಮಾಧಾನ ಮಾಡುವಂತೆಯೂ ಮಾಡಬೇಡಿ. ‘ನನ್ನ ಕ್ರೀಮಿನಲ್ಲಿ ಬೂಷ್ಟು ಬಂದಿರೋದು ನೋಡಿದೆ. ಇನ್ನು ಹಚ್ಚಬೇಡಿ. ಮಗೂನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ, ಖರ್ಚು ನನ್ನದು’ ಎಂದಷ್ಟೇ ಹೇಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಡಬ್ಬಿಯನ್ನೂ, ಅದಕ್ಕೆ ಏನೇನು ಹಾಕಿದ್ದಿರಿ ಎಂಬ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದು ಬಹಳ ಉಪಯೋಗ. ಕಣ್ಣಿನ ಸುತ್ತ ಊತ, ಕೀವು, ಜ್ವರ ಇದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅಂದೇ ಹೋಗಬೇಕು. ಮೆಡಿಕಲ್ ಸ್ಟೋರಿನಲ್ಲಿ ‘ಏನಾದರೂ ಟ್ಯೂಬ್ ಕೊಡಿ’ ಎಂದು ಕೇಳಿ ಹಚ್ಚುವುದು ಮಾತ್ರ ಬೇಡ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದನ್ನು ಮನಸ್ಸಿಗೆ ಬಂದಂತೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ಸಮಸ್ಯೆ ದೊಡ್ಡದಾಗುತ್ತದೆ.

ಆಮೇಲೆ, ಯಾರ್‍ಯಾರಿಗೆ ಕೊಟ್ಟಿದ್ದೀರೋ ಅವರಿಗೆಲ್ಲ ಫೋನ್ ಮಾಡಿ ಡಬ್ಬಿ ವಾಪಸ್ ತರಿಸಿಕೊಳ್ಳಿ. ಮದ್ದೂರು, ಮಂಡ್ಯದ ನೆಂಟರಿಗೂ ಹೇಳಿ. ದುಡ್ಡು ಒಮ್ಮೆಗೇ ಕೊಡಲಾಗದಿದ್ದರೆ ಕಂತಿನಲ್ಲಿ ಕೊಡುತ್ತೇನೆ ಎನ್ನಿ. ಇದು ನಿಮಗೆ ಕಷ್ಟವಾಗುತ್ತದೆ, ಗೊತ್ತು. ಆದರೆ ಜನ ಬಾಯಿಗೆ ಬಂದದ್ದು ಊಹಿಸುವ ಬದಲು ನಿಮ್ಮ ಬಾಯಿಂದಲೇ ಕೇಳಿದರೆ ಗುಸುಗುಸು ಬೇಗ ಇಳಿಯುತ್ತದೆ. ಕೆಲವರು ಆಡಿಕೊಳ್ಳುವುದನ್ನು ಆಮೇಲೂ ಬಿಡುವುದಿಲ್ಲ. ಅದಕ್ಕೆ ಔಷಧ ನನ್ನ ಹತ್ತಿರವೂ ಇಲ್ಲ.

ಮಾರಾಟವನ್ನು ಸದ್ಯಕ್ಕೆ ನಿಲ್ಲಿಸಿ. ಇದನ್ನು ಸ್ವಲ್ಪ ಖಡಾಖಂಡಿತವಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ಕಾನೂನಿನ ಮಾತೂ ಇದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆಂದು ಕ್ರೀಮು ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಬೇಕು. ಅಡುಗೆಮನೆಯಲ್ಲಿ ಮಾಡಿದ್ದಾದರೂ, ಹತ್ತೇ ಡಬ್ಬಿಯಾದರೂ ಅದಕ್ಕೆ ವಿನಾಯಿತಿ ಇಲ್ಲ. ಜಾಗ, ಸಲಕರಣೆ, ತಾಂತ್ರಿಕ ಅರ್ಹತೆ ಇರುವವರ ಮೇಲ್ವಿಚಾರಣೆ, ಲೇಬಲ್ ಮೇಲೆ ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕ, ಒಳಗೇನಿದೆ ಎಂಬ ಪಟ್ಟಿ, ಇವೆಲ್ಲ ಇರಬೇಕು. ಸ್ವಂತ ಜಾಗ ಮಾಡಿಕೊಳ್ಳಲಾಗದವರು ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ತಯಾರಿಸಲು ‘ಲೋನ್ ಲೈಸೆನ್ಸ್’ ಎಂಬ ದಾರಿಯೂ ಇದೆ. ಹೆದರಿಸಲು ಹೇಳುತ್ತಿಲ್ಲ. ನಿಮ್ಮಂತೆ ಸದ್ದಿಲ್ಲದೆ ಮನೆಯಲ್ಲೇ ಕ್ರೀಮು ಮಾಡಿ ಮಾರುವವರು ಮಳವಳ್ಳಿ, ಮದ್ದೂರು, ಮಂಡ್ಯ ಮೂರೂ ತಾಲ್ಲೂಕುಗಳಲ್ಲಿ ಇದ್ದಾರು. ಅವರಿಗೂ ಇದು ತಿಳಿದಿರಲಿ. ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿಂದ ಶುರು ಮಾಡಬೇಕು ಎಂದು ಹೇಳುತ್ತಾರೆ.

ಮುಂದೆ ಮನೆಮಟ್ಟಿಗೆ ಕಲಿಯುವ ಆಸೆ ಇದ್ದರೆ ನೀರೇ ಇಲ್ಲದ ಮುಲಾಮಿನಿಂದ ಶುರು ಮಾಡಿ. ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಜೇನುಮೇಣ ಕರಗಿಸಿ ಒಣಗಿದ ಡಬ್ಬಿಗೆ ಸುರಿದರೆ ಒಡೆದ ಹಿಮ್ಮಡಿಗೆ, ತುಟಿಗೆ ಸಾಕು. ಒದ್ದೆ ಬೆರಳು ಅದ್ದದಿದ್ದರೆ ಬೂಷ್ಟಿನ ಕಾಟ ಕಡಿಮೆ. ಹಾಂ, ವಿಟಮಿನ್ ಇ ಕೆಲಸಕ್ಕೆ ಬರುವುದು ಇಲ್ಲಿ.

ಕ್ರೀಮನ್ನೇ ಮಾಡಬೇಕೆಂದರೆ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನ ಓದು ಉಪಯೋಗಕ್ಕೆ ಬರಲಿ. ಬೋರ್‌ವೆಲ್ ನೀರು, ನಾಲೆ ನೀರು ಬೇಡ, ಡಿಸ್ಟಿಲ್ಡ್ ನೀರು ತನ್ನಿ. ಹಸಿ ಲೋಳೆಸರ ಬಿಡಿ. ಚಮಚದ ಅಳತೆ ಬಿಟ್ಟು ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಎಣ್ಣೆಯ ಪಾಲು, ನೀರಿನ ಪಾಲು ಎರಡನ್ನೂ ಬೇರೆ ಬೇರೆಯಾಗಿ 70-75 ಡಿಗ್ರಿಗೆ ಕಾಯಿಸಿ ಬೆರೆಸಬೇಕು. ಪ್ರಿಸರ್ವೇಟಿವ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿನಾಕ್ಸಿಎಥನಾಲ್. ನೂರು ಗ್ರಾಮು ಕ್ರೀಮಿಗೆ ಒಂದು ಗ್ರಾಮು ಮೀರಬಾರದು. ಸಾಮಾನ್ಯವಾಗಿ ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಜೊತೆ ಬೆರೆಸಿಯೇ ಮಾರುತ್ತಾರೆ. ಮಿಶ್ರಣ ಸುಮಾರು 40 ಡಿಗ್ರಿಗೆ ಇಳಿದ ಮೇಲೆ, ಮಾರಿದವರು ಹೇಳಿದ ಪ್ರಮಾಣದಲ್ಲೇ ಹಾಕಬೇಕು. ಉಪ್ಪಿನಕಾಯಿ, ಜಾಮ್ ಲೇಬಲ್ ಮೇಲೆ ಕಾಣುವ ಸೋಡಿಯಂ ಬೆಂಜೊಯೇಟ್ ಅನ್ನು ಕ್ರೀಮಿಗೂ ಹಾಕುವುದುಂಟು. ಆದರೆ ಕ್ರೀಮಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5ಕ್ಕಿಂತ ಮೇಲಿದ್ದರೆ ಅದರ ಬಲ ಕುಗ್ಗುತ್ತದೆ. ಪಿಎಚ್ ನೋಡದೆ ಹಾಕಿದರೆ ಹಾಕಿದ ಸಮಾಧಾನ ಮಾತ್ರ. ಅಗಲ ಬಾಯಿಯ ಡಬ್ಬಿಗಿಂತ ಪಂಪ್ ಬಾಟಲಿ ವಾಸಿ, ದಿನಾ ಬೆರಳು ಒಳಗೆ ಹೋಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕ್ರೀಮು ತಡೆದುಕೊಳ್ಳುತ್ತದೆಯೇ ಎಂಬುದು ಮನೆಯಲ್ಲಿ ತಿಳಿಯದು. ಪ್ರಯೋಗಾಲಯದಲ್ಲಿ ಬೇಕೆಂದೇ ಸೂಕ್ಷ್ಮಜೀವಿ ಸೇರಿಸಿ 28 ದಿನ ಗಮನಿಸಿ ಹೇಳುತ್ತಾರೆ. ಮಾರುವವರಿಗೆ ಆ ಪರೀಕ್ಷೆ ಬೇಕೇ ಬೇಕು. ‘ಮಗೂಗೂ ಹಚ್ಚಬಹುದು’ ಎಂಬ ಮಾತನ್ನು ಮಾತ್ರ ಇನ್ನು ಆಡಬೇಡಿ.

ನಿದ್ದೆಯ ವಿಷಯ. ಆ ಮನೆಗೆ ಹೋಗಿ ಬಂದ ಮೇಲೆ ಎದೆಯ ಭಾರ ಸ್ವಲ್ಪ ಇಳಿದೀತು. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ, ಅಥವಾ ಬದುಕೇ ಸಾಕು ಎನಿಸುವ ಯೋಚನೆ ಒಮ್ಮೆ ಸುಳಿದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರ ಕಾಯಲೇಬೇಕು ಎಂದೇನೂ ಇಲ್ಲ.

ಇನ್ನು ಸಾಲದ ಸಾಮಾನು. ಒಡೆಯದ ಪ್ಯಾಕೆಟ್‌ಗಳನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೋ ಕೇಳಿ. ಖಾಲಿ ಡಬ್ಬಿಗಳು ಎಲ್ಲಿಗೂ ಹೋಗುವುದಿಲ್ಲ. ಎಮಲ್ಸಿಫೈಯಿಂಗ್ ಮೇಣ ತಂದಿದ್ದರೆ ಅದನ್ನು ತೇವ ತಾಗದಂತೆ ಮುಚ್ಚಿಟ್ಟು, ಅದರ ಮೇಲಿನ ದಿನಾಂಕದೊಳಗೆ ಬಳಸಿ. ಕೊಬ್ಬರಿ ಎಣ್ಣೆ ಮನೆಗೇ ಆಗುತ್ತದೆ. ಸಾಲದ ಕಂತಿನ ವಿಚಾರವನ್ನು ಸಂಘದ ಮುಂದಿನ ಸಭೆಯಲ್ಲಿ ನೀವೇ ಮೊದಲು ಎತ್ತಿ. ರೇಷ್ಮೆ ಬೆಳೆಯ ದುಡ್ಡು ಬರುವ ತಿಂಗಳಿಗೆ ಹೊಂದಿಸಿ ಕೊಡಲು ಅವಕಾಶ ಕೇಳಿ, ಪುಸ್ತಕದಲ್ಲಿ ಬರೆಸಿ.