ಮಾತು ಹೊರಡದಾಗ ಚಲನೆಯ ಚಿಕಿತ್ಸೆ

ಬಯಸಿದ ಆಟಿಕೆ ಕೈಗೆ ಸಿಕ್ಕರೆ ಮಗು ಕುಣಿದಾಡುತ್ತದೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ತಲೆ ತಗ್ಗಿಸಿ, ಕಾಲೆಳೆಯುತ್ತ ಮನೆಗೆ ಬರುತ್ತಾನೆ. ಇಬ್ಬರೂ ಬಾಯಿ ಬಿಡುವ ಮೊದಲೇ ಅವರ ಮನಸ್ಸಿನಲ್ಲಿ ಏನಿದೆಯೆಂದು ನಮಗೆ ತಿಳಿದುಬಿಡುತ್ತದೆ. ಮನಸ್ಸಿನ ಸ್ಥಿತಿ ಮೈಯಲ್ಲಿ ಹೀಗೆ ಕಾಣುವುದಾದರೆ, ಮೈಯ ಚಲನೆಯ ಮೂಲಕ ಮನಸ್ಸನ್ನು ತಲುಪಲು ಸಾಧ್ಯವೇ? ಈ ಪ್ರಶ್ನೆಯಿಂದ ಬೆಳೆದದ್ದೇ ನೃತ್ಯ-ಚಲನಾ ಚಿಕಿತ್ಸೆ.

ಹುಟ್ಟಿದ ಬಗೆ

ಇದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಅಮೆರಿಕದ ನರ್ತಕಿ ಮೇರಿಯನ್ ಚೇಸ್. ವಾಷಿಂಗ್ಟನ್ ನಗರದಲ್ಲಿ ನೃತ್ಯ ಕಲಿಸುತ್ತಿದ್ದ ಆಕೆ, ಕೆಲವರು ಕಲಾವಿದರಾಗಲೆಂದಲ್ಲ, ಮನಸ್ಸು ಹಗುರಾಗಲೆಂದು ಬರುತ್ತಿದ್ದುದನ್ನು ಗಮನಿಸಿದರು. 1942ರಲ್ಲಿ ಅಲ್ಲಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು. ಅದು ಎರಡನೆಯ ಮಹಾಯುದ್ಧದ ಕಾಲ. ಚಿತ್ತವಿಕಲತೆಗೆ ಇಂದು ಬಳಸುವ ಔಷಧಿಗಳು ಆಗಿನ್ನೂ ಬಂದಿರಲಿಲ್ಲ. ಮಾತನ್ನೇ ಬಿಟ್ಟಿದ್ದ ರೋಗಿಗಳನ್ನು ಚೇಸ್ ಚಲನೆಯ ಮೂಲಕ ತಲುಪಲು ಯತ್ನಿಸಿದರು. 1966ರಲ್ಲಿ ಅಮೆರಿಕದ ನೃತ್ಯ ಚಿಕಿತ್ಸಾ ಸಂಘ ಸ್ಥಾಪನೆಯಾದಾಗ ಆಕೆಯೇ ಮೊದಲ ಅಧ್ಯಕ್ಷೆ.

ನಮ್ಮ ದೇಶದಲ್ಲಿ, 2004ರಲ್ಲಿ ಸೋಹಿನಿ ಚಕ್ರವರ್ತಿ ಅವರು ಸ್ಥಾಪಿಸಿದ ‘ಕೋಲ್ಕತಾ ಸಂವೇದ್’ ಸಂಸ್ಥೆ, ಮಾನವ ಸಾಗಣೆಯ ಜಾಲದಿಂದ ಪಾರಾಗಿ ಬಂದ ಹೆಣ್ಣುಮಕ್ಕಳ ನಡುವೆ ಈ ವಿಧಾನವನ್ನು ಬಳಸಿದೆ.

ನಡೆಯುವುದು ಹೇಗೆ?

ಇಲ್ಲಿ ಹೆಜ್ಜೆ, ತಾಳ ತಪ್ಪುವ ಭಯವಿಲ್ಲ. ನೃತ್ಯ ಗೊತ್ತಿರಬೇಕಾಗಿಯೂ ಇಲ್ಲ. ಎಲ್ಲರೂ ವೃತ್ತಾಕಾರವಾಗಿ ನಿಲ್ಲುತ್ತಾರೆ ಅಥವಾ ಕೂರುತ್ತಾರೆ. ಮೊದಲು ಕೈಕಾಲು ಸಡಿಲಿಸುವ ಸರಳ ಚಲನೆಗಳು. ಒಬ್ಬ ರೋಗಿ ಮೂಲೆಯಲ್ಲಿ ಕುಳಿತು ಮೊಣಕಾಲ ಮೇಲೆ ಬೆರಳು ಬಡಿಯುತ್ತಿದ್ದಾನೆ ಎನ್ನೋಣ. ಚಿಕಿತ್ಸಕರು ಅವನನ್ನು ಎಬ್ಬಿಸುವುದಿಲ್ಲ. ಎದುರು ಕುಳಿತು ಅದೇ ಲಯದಲ್ಲಿ ತಾವೂ ಬೆರಳು ಬಡಿಯುತ್ತಾರೆ. ‘ನನ್ನನ್ನು ಒಬ್ಬರು ಗಮನಿಸಿದರು’ ಎಂಬ ಭಾವನೆ ಅವನಲ್ಲಿ ಮೂಡಬೇಕೆಂಬುದೇ ಇದರ ಉದ್ದೇಶ. ಬೆರಳಿನ ಚಲನೆ ನಿಧಾನವಾಗಿ ಕೈಗೆ, ಭುಜಕ್ಕೆ, ಗುಂಪಿಗೆ ಹರಡಬಹುದು. ಕೊನೆಯಲ್ಲಿ ಉಸಿರು ಶಾಂತವಾದ ಮೇಲೆ, ಇಷ್ಟವಿದ್ದವರು ತಮಗೆ ಅನಿಸಿದ್ದನ್ನು ಹೇಳುತ್ತಾರೆ.

ಪ್ರಯೋಜನವೆಷ್ಟು?

ಖಿನ್ನತೆಯ ಬಗ್ಗೆ 2015ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಮೂರೇ ಅಧ್ಯಯನಗಳು, ಒಟ್ಟು 147 ಜನ. ಅಷ್ಟರಿಂದ ಖಚಿತ ತೀರ್ಮಾನಕ್ಕೆ ಬರಲಾಗದು ಎಂದಿತು ಅದು. 2024ರಲ್ಲಿ 218 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಿನ್ನತೆ ತಗ್ಗಿಸುವಲ್ಲಿ ವ್ಯಾಯಾಮಗಳ ಪೈಕಿ ನೃತ್ಯ ಒಳ್ಳೆಯ ಫಲ ತೋರಿತು. ಆದರೆ ನೃತ್ಯದ ಅಧ್ಯಯನಗಳು ಕಡಿಮೆ ಇದ್ದವು. ಹಾಗಾಗಿ ಇದು ಚಿಕಿತ್ಸೆಗೆ ಒಳ್ಳೆಯ ಜೊತೆಗಾರನೇ ಹೊರತು ಔಷಧಿಗೆ ಬದಲಿಯಲ್ಲ.

ಎಚ್ಚರವಿರಲಿ

* ವೈದ್ಯರನ್ನು ಕೇಳದೆ ಮನೋರೋಗದ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

* ನೃತ್ಯ ಶಿಕ್ಷಕರೆಲ್ಲರೂ ಚಿಕಿತ್ಸಕರಲ್ಲ. ದೌರ್ಜನ್ಯ ಅನುಭವಿಸಿದವರಲ್ಲಿ ಚಲನೆಯಿಂದ ಹಳೆಯ ನೆನಪು ಉಕ್ಕಿ ಬರಬಹುದು. ಅದನ್ನು ನಿಭಾಯಿಸುವ ತರಬೇತಿ ಬೇಕು. ಅನುಮತಿಯಿಲ್ಲದೆ ಮುಟ್ಟಕೂಡದು.

* ಹೃದ್ರೋಗ, ಕೀಲುನೋವು, ತಲೆಸುತ್ತು ಇರುವವರು ಮತ್ತು ಗರ್ಭಿಣಿಯರು ಮೊದಲು ವೈದ್ಯರ ಸಲಹೆ ಪಡೆಯಬೇಕು.

ಮನೆಯವರು ಮಾಡಬಹುದಾದ್ದು

ಚಿಕಿತ್ಸೆಯೆಂದಲ್ಲ, ಉಲ್ಲಾಸಕ್ಕಾಗಿ ದಿನಕ್ಕೆ ಹತ್ತು ನಿಮಿಷ ಮನೆಮಂದಿಯೆಲ್ಲ ಇಷ್ಟದ ಹಾಡು ಹಾಕಿ ಕೈಕಾಲು ಆಡಿಸಿ. ಅಜ್ಜಿ ಕುರ್ಚಿಯಲ್ಲಿ ಕುಳಿತೇ ತಾಳ ಹಾಕಲಿ. ಮಕ್ಕಳ ಕುಣಿತವನ್ನು ಗೇಲಿ ಮಾಡಬೇಡಿ.

ಆದರೆ ಮನೆಯಲ್ಲೊಬ್ಬರು ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ‘ಹಾಡು ಹಾಕಿದರೆ ಸರಿಹೋಗುತ್ತದೆ’ ಎಂದು ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಕೂಡಲೇ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.